ಕನ್ವರ್ಟರ್ ಬದಲಿಸುವ ಮೊದಲು

ಕೇಳುಗರೇ, ನಮಸ್ಕಾರ.

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ. ಮೆಕ್ಯಾನಿಕ್ ಸ್ಕ್ಯಾನರ್ ಹಾಕುತ್ತಾರೆ. ಪಿ0420 ಎಂಬ ಕೋಡ್ ಬರುತ್ತದೆ. "ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಬೇಕು" ಅಂದುಬಿಡುತ್ತಾರೆ. ಕಾರಿನ ದುಬಾರಿ ಭಾಗಗಳಲ್ಲಿ ಅದೂ ಒಂದು. ಹಾಗಾಗಿ ಹೂಂ ಅನ್ನುವ ಮೊದಲು ಏನೇನು ನೋಡಬೇಕು ಅಂತ ಇವತ್ತು ಹೇಳುತ್ತೇನೆ. ನನ್ನ ಮಾತು ಪೆಟ್ರೋಲ್ ಕಾರುಗಳ ಬಗ್ಗೆ ಮಾತ್ರ.

ಎಂಜಿನ್ನಿನಿಂದ ಸೈಲೆನ್ಸರ್‌ಗೆ ಹೊಗೆ ಹೋಗುವ ದಾರಿಯಲ್ಲಿ ಒಂದು ಉಕ್ಕಿನ ಡಬ್ಬಿ ಇರುತ್ತದೆ. ಅದೇ ಕನ್ವರ್ಟರ್. ಒಳಗೆ ಜೇನುಹಟ್ಟಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ಸೆರಾಮಿಕ್ ಗಟ್ಟಿ. ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಬಳಿದಿರುತ್ತಾರೆ. ವಿಷದ ಕಾರ್ಬನ್ ಮಾನಾಕ್ಸೈಡ್, ಅರೆಬೆಂದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಇಲ್ಲಿ ಹಾದುಹೋಗುವಾಗ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್, ನೀರಿನ ಆವಿ, ನೈಟ್ರೋಜನ್ ಆಗಿಬಿಡುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೇನೇ ಈ ಕೆಲಸ ಚೆನ್ನಾಗಿ ನಡೆಯುವುದು.

ಈ ಡಬ್ಬಿಯಲ್ಲಿ ತಿರುಗುವ, ಸವೆಯುವ ಭಾಗ ಒಂದೂ ಇಲ್ಲ, ಅಲ್ವಾ? ಹಾಗಿದ್ದರೆ ಅದು ಸುಮ್ನೆ ಯಾಕೆ ಕೆಡಬೇಕು? ಬಹಳ ಸಲ ಅದನ್ನು ಕೆಡಿಸಿದ್ದು ಎಂಜಿನ್ನಿನ ಬೇರೆ ಯಾವುದೋ ದೋಷ. ಆ ದೋಷವನ್ನು ಹಾಗೇ ಬಿಟ್ಟರೆ ಹೊಸ ಕನ್ವರ್ಟರ್ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕನ್ವರ್ಟರ್ ಕೆಟ್ಟಿದೆ ಅಂತ ಕಾರಿಗೆ ಹೇಗೆ ಗೊತ್ತಾಗುತ್ತದೆ? ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಸಾಮಾನ್ಯ ಬಗೆಯ ಮುಂದಿನ ಸೆನ್ಸರ್ 0.1 ರಿಂದ 0.9 ವೋಲ್ಟ್ ನಡುವೆ ಬೇಗ ಬೇಗ ಏರಿಳಿಯುತ್ತದೆ. ಒಳ್ಳೆಯ ಕನ್ವರ್ಟರ್ ಆಕ್ಸಿಜನ್ ಅನ್ನು ಹಿಡಿದಿಟ್ಟು ಬಿಡುವುದರಿಂದ ಹಿಂದಿನದು 0.6, 0.7 ವೋಲ್ಟ್ ಹತ್ತಿರ ಹೆಚ್ಚುಕಡಿಮೆ ನಿಂತಿರುತ್ತದೆ. ಹಿಂದಿನದೂ ಮುಂದಿನದರ ಹಾಗೇ ಏರಿಳಿದರೆ ಕೋಡ್ ಬೀಳುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡರ ಗ್ರಾಫನ್ನೂ ಸ್ಕ್ಯಾನರ್‌ನಲ್ಲಿ ತೋರಿಸಿ ಅಂತ ಮೆಕ್ಯಾನಿಕ್‌ಗೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಗ್ರಾಫ್ ಕುಣಿಯುತ್ತಿದ್ದರೂ ತೀರ್ಪು ಕೊಡಬೇಡಿ. ಸೆನ್ಸರ್‌ಗಳ ಹತ್ತಿರ ಕೊಳವೆ ಬಿರುಕು ಬಿಟ್ಟಿದ್ದರೆ, ಜೋಡಣೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಸುಟ್ಟಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಸೆನ್ಸರ್ ದಾರಿ ತಪ್ಪುತ್ತದೆ. ಜೋಡಣೆಗಳ ಸುತ್ತ ಕಪ್ಪು ಮಸಿ ಕಂಡರೆ ಅಲ್ಲಿ ಲೀಕ್ ಇದೆ ಅಂತಲೇ ಅನುಮಾನಿಸಿ. ಮೊದಲು ಅದನ್ನು ಸರಿಮಾಡಿಸಿ.

ಇನ್ನು ಕೆಡಿಸಿದ್ದು ಯಾವುದು? ಮೊದಲ ಅನುಮಾನ ಮಿಸ್‌ಫೈರ್ ಮೇಲೆ, ಅಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟರೆ ಉರಿಯದ ಪೆಟ್ರೋಲ್ ಕನ್ವರ್ಟರ್‌ನೊಳಗೆ ಹೋಗಿ ಅಲ್ಲೇ ಉರಿಯುತ್ತದೆ. ಬಿಸಿ ಮಿತಿಮೀರಿ ಸೆರಾಮಿಕ್ ಕರಗಿಯೇ ಹೋಗಬಹುದು. ಎಂಜಿನ್ ದೀಪ ಮಿನುಗುತ್ತಿದ್ದರೆ ಇದೇ ಅಪಾಯದ ಸೂಚನೆ. ದಯವಿಟ್ಟು ಇನ್ನೊಂದಿಷ್ಟು ದೂರ ಹೋಗಿಬಿಡೋಣ ಅನ್ನಬೇಡಿ, ಗಾಡಿ ಪಕ್ಕಕ್ಕೆ ನಿಲ್ಲಿಸಿ. ಆದರೆ ಒಣಹುಲ್ಲಿನ ಮೇಲೆ ಬೇಡ, ಬೆಂಕಿ ಹತ್ತೀತು. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರಲ್ಲಿನ ರಂಜಕ ಲೋಹದ ಲೇಪದ ಮೇಲೆ ಕೂರುತ್ತದೆ. ಹೆಡ್ ಗ್ಯಾಸ್ಕೆಟ್ ಸೋರಿ ಎಂಜಿನ್ ತಂಪಾಗಿಡುವ ಕೂಲೆಂಟ್ ಒಳಗೆ ಬಂದರೂ ಹಾನಿಯೇ. ಪೆಟ್ರೋಲನ್ನು ಕಾರಿನ ಕಂಪ್ಯೂಟರ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ ಸ್ಕ್ಯಾನರ್ ತೋರಿಸುವ ಫ್ಯುಯಲ್ ಟ್ರಿಮ್ ಅಂಕಿ ಶೇಕಡಾ 10ಕ್ಕಿಂತ ಜಾಸ್ತಿ ಆಚೀಚೆ ಇದ್ದರೆ ಪೆಟ್ರೋಲ್ ಮತ್ತು ಗಾಳಿಯ ಅಳತೆ ಕೆಟ್ಟಿದೆ ಅಂತ ತಿಳಿಯಿರಿ.

ಕನ್ವರ್ಟರ್ ಕಟ್ಟಿಕೊಂಡರೆ ಲಕ್ಷಣ ಬೇರೆ. ಪಿಕಪ್ ಇರುವುದಿಲ್ಲ, ವೇಗ ಏರುವುದೇ ಇಲ್ಲ. ಮುಂದಿನ ಸೆನ್ಸರ್ ಬಿಚ್ಚಿ ಆ ಜಾಗದಲ್ಲಿ ಒತ್ತಡದ ಮೀಟರ್ ಹಾಕಿ ನೋಡಿದರೆ ಗೊತ್ತಾಗುತ್ತದೆ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಮುಚ್ಚಿದೆ ಅಂತ ಅನುಮಾನಿಸಬಹುದು. ಡಬ್ಬಿ ತಣ್ಣಗಿದ್ದಾಗ ಕೈಯಿಂದ ತಟ್ಟಿ ನೋಡಿ. ಗಲಗಲ ಅಂದರೆ ಸೆರಾಮಿಕ್ ಒಡೆದಿರಬಹುದು.

ಕರಗಿದ್ದನ್ನು, ಒಡೆದದ್ದನ್ನು ಟ್ಯಾಂಕಿಗೆ ಸುರಿಯುವ ಯಾವ ಔಷಧಿಯೂ ಸರಿಮಾಡುವುದಿಲ್ಲ. ಡಬ್ಬಿಯನ್ನು ಖಾಲಿ ಮಾಡಿಸಿ ಓಡಿಸುವವರೂ ಇದ್ದಾರೆ. ಅದು ತಪ್ಪು. ಆ ಹೊಗೆ ಹಿಂದೆ ಬರುವ ಮಕ್ಕಳ ಮೂಗಿಗೇ ಹೋಗುತ್ತದೆ. ದೋಷ ಸರಿಮಾಡಿಸಿ, ನಿಮ್ಮ ಕಾರಿನ ಮಾದರಿಗೆ ಒಪ್ಪುವ ಕನ್ವರ್ಟರನ್ನೇ ಹಾಕಿಸಿ.

ಕೋಡ್ ಅಳಿಸಿದಾಗ ಕಾರಿನ ಸ್ವಂತ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ. ಹಾಗಾಗಿ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ನಿಧಾನವಾಗಿ, ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿ. ಇದು ಒಂದೇ ದಿನದಲ್ಲಿ ಮುಗಿಯದೆಯೂ ಇರಬಹುದು. ಆಮೇಲೆ ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ ರೆಡಿ, ಅಂದರೆ ಕನ್ವರ್ಟರ್‌ನ ಪರೀಕ್ಷೆ ಮುಗಿದಿದೆ ಅಂತ ತೋರಿಸಿ, ಕೋಡ್ ಮತ್ತೆ ಬಾರದಿದ್ದರೆ ರಿಪೇರಿ ಮುಗಿದಂತೆ.

ನಮಸ್ಕಾರ.