ಟಯರಿಗೆ ಮೊದಲು ತೂತು, ಆಮೇಲೆ ಮಣ್ಣು

ಕೇಳುಗರಿಗೆಲ್ಲ ನಮಸ್ಕಾರ. ನಾನು ಬದಿಯಡ್ಕದ ಕಡೆಯವನು, ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಹಳೆಯ ಟ್ರ್ಯಾಕ್ಟರ್ ಟಯರಿನಲ್ಲಿ ಗಿಡ ಬೆಳೆಸುವ ಬಗ್ಗೆ ಮಾತಾಡಿ ಅಂದರು. ಹೇಳಲಿಕ್ಕೆ ಇರುವುದು ಒಂದೇ ಮಾತು. ಟಯರಿಗೆ ಮೊದಲು ತೂತು, ಆಮೇಲೆ ಮಣ್ಣು.

ನಮ್ಮಲ್ಲಿ ಗದ್ದೆ ಕಡಿಮೆ, ಟ್ರ್ಯಾಕ್ಟರೂ ಕಡಿಮೆ. ಆದರೂ ಪಂಕ್ಚರ್ ಅಂಗಡಿಯ ಹಿತ್ತಿಲಲ್ಲಿ ಒಂದೆರಡು ದೊಡ್ಡ ಟಯರು ಬಿದ್ದಿರುತ್ತವೆ. ಹಿಂದಿನ ಚಕ್ರದ್ದನ್ನೇ ಕೇಳಿ. ಮೈಮೇಲೆ 13.6-28 ಅಂತ ಬರೆದಿದ್ದರೆ ಅಗಲ 13.6 ಇಂಚು, ರಿಮ್ಮಿನ ಅಳತೆ 28 ಇಂಚು. ಮಲಗಿಸಿದರೆ ಒಂದಡಿ ಎತ್ತರದ ಕಟ್ಟೆ ತಯಾರು. ಮುರಕಲ್ಲಿನ ಅಂಗಳದಲ್ಲಿ ಹಾರೆ ಹಾಕಿದರೆ ಕಿಡಿ ಹಾರುತ್ತದೆ, ಅಲ್ವಾ? ಅಂಥ ಕಡೆ ಇದಕ್ಕಿಂತ ಸುಲಭದ ಪಾತಿ ಇಲ್ಲ.

ನನ್ನದೇ ಕಥೆ ಹೇಳುತ್ತೇನೆ. ಒಂದು ವರ್ಷ ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ, ಇಂಥದ್ದೊಂದು ಟಯರು ತರಿಸಿದೆ. ಪಿಕಪ್ಪಿನವನು ಮಾರ್ಗದ ಬದಿಯಲ್ಲಿ ಇಳಿಸಿ ಹೋದ. ನಮ್ಮ ಮನೆ ಇರುವುದು ಕೆಳಗೆ, ಗುಡ್ಡದ ಬುಡದಲ್ಲಿ. "ಹೊರುವುದು ಯಾಕೆ ಭಾವ, ಉರುಳಿಸುವ" ಅಂದರು ಭಾವ. ಉರುಳಿಸಿದೆವು. ಹತ್ತು ಹೆಜ್ಜೆ ನಮ್ಮ ಮಾತು ಕೇಳಿತು. ಮತ್ತೆ ಅದರದ್ದೇ ದಾರಿ. ಬೇಲಿ ಮುರಿಯಿತು, ಎರಡು ಬಾಳೆ ಮಲಗಿಸಿತು, ಒಣಗಲು ಹಾಕಿದ್ದ ಅಡಿಕೆಯ ನಡುವೆ ಹಾದು ಹಟ್ಟಿಯ ಗೋಡೆಗೆ ಬಡಿದು ನಿಂತಿತು. ಎರಡು ದಿನ ದನ ಸರಿಯಾಗಿ ಹಾಲು ಕೊಡಲಿಲ್ಲ. ಹೆಂಡತಿ ಸರಿಯಾಗಿ ಮಾತಾಡಲಿಲ್ಲ.

ಮಣ್ಣು ನಾಳೆ ತುಂಬಿಸುವ ಅಂತ ಟಯರನ್ನು ಅಲ್ಲೇ ಮಲಗಿಸಿದೆ. ನಾಳೆ ನಾಳೆ ಅನ್ನುತ್ತಾ ಮಳೆ ಹಿಡಿಯಿತು. ಕಾಸರಗೋಡಿನ ಮಳೆಯ ಬಗ್ಗೆ ನಿಮಗೆ ಹೇಳಬೇಕೇ? ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ. ಎರಡು ವಾರ ಬಿಟ್ಟು ಬಗ್ಗಿ ನೋಡಿದರೆ ಒಳಗೆ ಸುತ್ತಲೂ ನೀರು, ನೀರಿನ ತುಂಬ ಕುಣಿಯುವ ಹುಳ. ಚೊಂಬಿನಲ್ಲಿ ತೋಡಿದೆ, ಪೂರ್ತಿ ಬರಲಿಲ್ಲ. ಟಯರಿನ ಹೊಟ್ಟೆಯೇ ಹಾಗೆ. ಹೇಗೆ ಮಗುಚಿದರೂ ಸ್ವಲ್ಪ ಉಳಿಸಿಕೊಳ್ಳುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಭಾವನಿಗೆ ಜ್ವರ, ಅವರ ಹಿಂದೆಯೇ ನನಗೆ. ರಕ್ತ ನೋಡಿ ಡೆಂಗಿ ಅಂದರು. ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಮಲಗಿ ಗಂಜಿ ತಿಳಿ ಕುಡಿದೆ.

ಡೆಂಗಿಯ ಸೊಳ್ಳೆ ಕಚ್ಚುವುದು ಹಗಲು. ಮೊಟ್ಟೆಗೆ ನೀರು ತಾಗಿದರೆ 7ರಿಂದ 10 ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ನೀರು ಆರಿದರೂ ಮೊಟ್ಟೆ ರಬ್ಬರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಸುಮ್ನೆ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. ಅದಕ್ಕೇ ಹೇಳಿದ್ದು, ಟಯರು ಅಂಗಳಕ್ಕೆ ಬಂದ ದಿನವೇ ತೂತು.

ಎಲ್ಲಿ? ಕೆಳಬದಿಯಲ್ಲಿ, ನೆಲಕ್ಕೆ ತಾಗುವ ಹೊಟ್ಟೆಯಲ್ಲಿ. ಬೆರಳು ಹೋಗುವಷ್ಟು ದೊಡ್ಡದು, ಸುತ್ತಲೂ 10ರಿಂದ 12. ಡ್ರಿಲ್ ಇಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಹಾಕಿಸಿ. ಕಾದ ಸಲಾಕೆ ಚುಚ್ಚಬೇಡಿ, ಆ ಹೊಗೆ ಕೆಟ್ಟದ್ದು. ಮೇಲಿನ ಬದಿಯನ್ನು ಕತ್ತರಿಸಿ ತೆಗೆಯಿರಿ. ಹರಿತವಾದ ಚೂರಿಗೆ ಸಾಬೂನು ನೀರು ಹಚ್ಚಿದರೆ ಸಲೀಸು. ರಿಮ್ಮಿಗೆ ಕೂರುವ ದಪ್ಪ ಅಂಚಿನೊಳಗೆ ಉಕ್ಕಿನ ತಂತಿ ಇದೆ, ಅದರ ತಂಟೆಗೆ ಹೋಗಬೇಡಿ. ಅಂಚು ಬಿಟ್ಟು ಕೊಯ್ಯಿರಿ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಜಾಗ ಗಟ್ಟಿ ಮಾಡಿಕೊಂಡೇ ಮಣ್ಣು ತುಂಬಿಸಿ, ತುಂಬಿದ ಟಯರು ನಾಲ್ಕು ಜನ ಹಿಡಿದರೂ ಅಲುಗಾಡುವುದಿಲ್ಲ. ಅಡಿಗೆ ತೆಂಗಿನ ಸಿಪ್ಪೆ, ಮೇಲೆ ಕಸಕಡ್ಡಿ ಹಾಕಿ ಸುಟ್ಟ ಸುಡುಮಣ್ಣು, ಹಟ್ಟಿಗೊಬ್ಬರ. ಹೊರಗೆ ಸುಣ್ಣ ಬಳಿಯಿರಿ, ಕಪ್ಪು ರಬ್ಬರು ಬೇಸಗೆಯಲ್ಲಿ ಕಾದು ಬೇರು ಬೇಯುತ್ತದೆ. ಟಯರಿನ ರಬ್ಬರಿನಲ್ಲಿ ಸತು ಮೊದಲಾದ್ದು ಇರುತ್ತದೆ, ಹಾಗಾಗಿ ನಾನು ಬಸಳೆ, ಹರಿವೆ ಹಾಕುವುದಿಲ್ಲ. ದಾಸವಾಳ, ಮಲ್ಲಿಗೆ ಅಷ್ಟೇ.

ಗಿಡದ ಆರೈಕೆ ಅಂತ ಇನ್ನೆರಡು ಪುಟ ಬರೆದು ತಂದಿದ್ದೆ. ಅದು ಕಿಸೆಯಲ್ಲೇ ಉಳಿಯಿತು. ಟಯರು ಉರುಳಿಸುವವರು ಮಾತ್ರ ಕೆಳಗೆ ದನ ಎಲ್ಲಿ ಕಟ್ಟಿದೆ ಅಂತ ನೋಡಿಕೊಳ್ಳಿ. ನಮಸ್ಕಾರ.