ರೋಲರ್ ಕೋಸ್ಟರ್ ಒಂದೂ ಇಲ್ಲ, ಆದ್ರೂ ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ ಜನ!

ಎಲ್ರಿಗೂ ನಮಸ್ಕಾರ. ಥೀಮ್ ಪಾರ್ಕ್ ಅಂದ್ರೆ ರೈಡು, ರೈಡಿಗೊಂದು ಉದ್ದ ಕ್ಯೂ, ಅಷ್ಟೇ ತಾನೇ? ಆದ್ರೆ ಪಶ್ಚಿಮ ಫ್ರಾನ್ಸಿನ ವಾಂದೆ ಜಿಲ್ಲೇಲಿರೋ ಪ್ವಿ ದ್ಯು ಫೂ ಪಾರ್ಕಲ್ಲಿ ರೈಡೇ ಇಲ್ಲ, ಬರೀ ಲೈವ್ ಶೋ.

[ಸ್ಕ್ರೀನಲ್ಲಿ: ಪಾಳುಬಿದ್ದ ಕೋಟೆ]

ಶುರುವಾಗಿದ್ದು 1978ರಲ್ಲಿ. ಫಿಲಿಪ್ ದ ವಿಲಿಯೆ ಅನ್ನೋ ಯುವಕ ಈ ಸುಟ್ಟುಹೋದ ಕೋಟೆ ಮುಂದೆ ಸುತ್ತಮುತ್ತಲ ಹಳ್ಳಿಯವ್ರನ್ನ ಸೇರಿಸ್ಕೊಂಡು ಒಂದು ರಾತ್ರಿ ಶೋ ಮಾಡ್ಸಿದ್ರು, ಹೆಸ್ರು ಸಿನೆಸೆನಿ. ಅದು ಇವತ್ತಿಗೂ ನಡೀತಿದೆ, ಸ್ಟೇಜೇ 23 ಹೆಕ್ಟೇರ್, ಅಂದ್ರೆ ಹತ್ರಹತ್ರ 57 ಎಕರೆ ಮಾರಾಯ್ರೆ! ಒಂದ್ಸಲಕ್ಕೆ ಸುಮಾರು 13,000 ಜನ ಕೂತು ನೋಡ್ತಾರೆ, ಪಾತ್ರ ಮಾಡೋ 2,000ಕ್ಕೂ ಹೆಚ್ಚು ಜನ ಸಂಬ್ಳ ಇಲ್ದೆ ಬರೋರು, ನಮ್ಮಲ್ಲಿ ಊರಹಬ್ಬಕ್ಕೆ ಊರೋರೇ ನಿಂತ್ಕೊಳ್ಳಲ್ವಾ, ಆ ಥರ.

ಹಗಲು ನೋಡೋ ಪಾರ್ಕ್ ಬಂದಿದ್ದು 1989ರಲ್ಲಿ. ರೋಮನ್ ಅಖಾಡದಲ್ಲಿ ನಿಜವಾದ ಕುದುರೆಗಳ ರಥದ ರೇಸು, ಇನ್ನೊಂದ್ಕಡೆ ನೀರೊಳಗಿಂದ ಮೇಲೇಳೋ ವೈಕಿಂಗ್ ಹಡಗು. ಒಂದು ಶೋದಲ್ಲಂತೂ ಸೀನ್ ಬದಲಾಗೋಕೆ ಪರದೆ ಇಳಿಸಲ್ಲ, ಪ್ರೇಕ್ಷಕರು ಕೂತಿರೋ ಗ್ಯಾಲರೀನೇ ತಿರುಗುತ್ತೆ!

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಕಾಗೆ ಕಥೆ. 2018ರಲ್ಲಿ ಕಾಗೆ ಜಾತಿಯ ಆರು ಹಕ್ಕಿಗಳಿಗೆ ಕಸ ಎತ್ತೋ ಟ್ರೈನಿಂಗ್ ಕೊಟ್ರು, ಸಿಗರೇಟ್ ತುಂಡು ತಂದು ಡಬ್ಬಕ್ಕೆ ಹಾಕಿದ್ರೆ ತಿನ್ನೋಕೆ ಕಾಳು ಸಿಗುತ್ತೆ. ಸಿಗರೇಟ್ ಬಿಸಾಕಿದೋನಿಗೆ ಇದಕ್ಕಿಂತ ಮರ್ಯಾದೆ ಹೋಗೋ ವಿಷ್ಯ ಬೇಕಾ?

ಈಗ ತಕರಾರಿನ ವಿಷ್ಯ. ಫ್ರೆಂಚ್ ಕ್ರಾಂತಿಯ ಹೊತ್ತಲ್ಲಿ, 1793ರಲ್ಲಿ, ಇದೇ ವಾಂದೆ ಜನ ರಾಜ ಮತ್ತು ಚರ್ಚಿನ ಪರ ನಿಂತು ಕ್ರಾಂತಿಕಾರಿ ಸರ್ಕಾರದ ವಿರುದ್ಧ ಯುದ್ಧಕ್ಕಿಳಿದ್ರು, ಭಯಂಕರ ಸಾವುನೋವಾಯ್ತು, ಕೋಟೆ ಸುಟ್ಟಿದ್ದೂ ಆ ಗಲಾಟೇಲೇ. ದ ವಿಲಿಯೆ ಮುಂದೆ ಬಲಪಂಥೀಯ ರಾಜಕಾರಣಿ ಆಗಿ 1995, 2007ರಲ್ಲಿ ರಾಷ್ಟ್ರಪತಿ ಚುನಾವಣೆಗೂ ನಿಂತೋರು. ಇಲ್ಲಿ ರಾಜ, ಚರ್ಚು ಎಲ್ಲಾ ಒಳ್ಳೇದು, ಕ್ರಾಂತಿ ಅಂದ್ರೆ ಬರೀ ಕ್ರೌರ್ಯ ಅನ್ನೋ ಥರ ತೋರಿಸ್ತಾರೆ ಅಂತ ಹಲವು ಇತಿಹಾಸಕಾರರು ಬೈತಾರೆ. ನಂಗೂ ಅದು ಸರಿ ಅನ್ಸುತ್ತೆ. ರೈಡಲ್ಲಿ ಕೂತ್ರೆ ತಲೆ ತಿರುಗುತ್ತೆ ಅಷ್ಟೆ, ಇಲ್ಲಿ ಕುದುರೆ ಬೆಂಕಿ ಮ್ಯೂಸಿಕ್ ಎಲ್ಲಾ ಸೇರಿ ಯಾರು ಒಳ್ಳೆಯವ್ರು ಅಂತ ಅವ್ರೇ ಡಿಸೈಡ್ ಮಾಡಿ ಕೊಟ್ಬಿಡ್ತಾರೆ, ನಾವು ಚಪ್ಪಾಳೆ ಹೊಡೀತಿರ್ತೀವಿ.

ಹೋಗೋ ಪ್ಲಾನ್ ಇರೋರಿಗೆ: ಸಿನೆಸೆನಿ ಬೇಸಿಗೆ ವೀಕೆಂಡಲ್ಲಿ ಮಾತ್ರ, ಟಿಕೆಟ್ ಬೇರೆ. ಅಲ್ಲಿ ಬೇಸಿಗೇಲಿ ಕತ್ತಲಾಗೋದೇ ಲೇಟು, ಶೋ ಮುಗಿಯೋ ಹೊತ್ತಿಗೆ ನಡುರಾತ್ರಿ ಆಗುತ್ತೆ, ರೂಮ್ ಮೊದ್ಲೇ ಬುಕ್ ಮಾಡ್ಕೊಳ್ಳಿ.