ಗಡ್ಡೆಯ ಜೀನ್ ನೋಡಿ ಆಯುಷ್ಯ ಹೇಳಬಹುದೇ?

ಆಕಾಶವಾಣಿ ಮಂಗಳೂರು ಕೇಳುಗರಿಗೆ ನಮಸ್ಕಾರ.

ಪಿತ್ತನಾಳದ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಸಮಯ ಉಂಟು ಡಾಕ್ಟ್ರೇ?" ಈಚೆಗೆ ಅದರ ಜೊತೆ ಇನ್ನೊಂದು ಸೇರಿಕೊಂಡಿದೆ. ದುಬೈಯಲ್ಲೋ ಬೆಂಗಳೂರಲ್ಲೋ ಇರುವ ಮಗ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿರುತ್ತಾನೆ. "ಗಡ್ಡೆಯ ಜೀನ್ ಟೆಸ್ಟ್ ಮಾಡಿದ್ರೆ ಅಪ್ಪ ಎಷ್ಟು ವರ್ಷ ಇರ್ತಾರೆ ಅಂತ ಗೊತ್ತಾಗ್ತದಂತೆ, ಹೌದಾ ಮೇಡಂ?" ನಾನು ಪೆಥಾಲಜಿಯವಳು. ರೋಗಿಯ ಮುಖಕ್ಕಿಂತ ರೋಗಿಯ ಮೈಯಿಂದ ತೆಗೆದ ತುಣುಕನ್ನೇ ಜಾಸ್ತಿ ನೋಡುವವಳು. ಆ ಪಿಡಿಎಫ್‌ಗಳಲ್ಲಿ ಏನಿರುತ್ತದೆ, ಅದನ್ನು ಎಷ್ಟು ನಂಬಬಹುದು ಎಂದು ಇವತ್ತು ಹೇಳುತ್ತೇನೆ.

ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಮಾಡುತ್ತದೆ. ಅದು ಸಣ್ಣ ನಾಳಗಳಲ್ಲಿ ಹರಿದು, ದೊಡ್ಡ ನಾಳಕ್ಕೆ ಸೇರಿ, ಸಣ್ಣ ಕರುಳಿಗೆ ಹೋಗುತ್ತದೆ. ಈ ನಾಳದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಗಡ್ಡೆ ಲಿವರಿನ ಒಳಗೇ ಇರಬಹುದು, ನಾಳ ಲಿವರಿನಿಂದ ಹೊರಬರುವ ಜಾಗದಲ್ಲಿ ಇರಬಹುದು, ಕೆಳಗೆ ಕರುಳಿನ ಹತ್ತಿರವೂ ಇರಬಹುದು. ನಾಳ ಕಟ್ಟಿಕೊಂಡರೆ ಕಾಮಾಲೆ. ಕಣ್ಣು ಹಳದಿ, ಮೂತ್ರದ ಬಣ್ಣ ಗಾಢ, ಮಲ ಬಿಳಿಚಿಕೊಂಡಿರುತ್ತದೆ, ಮೈಯೆಲ್ಲ ತುರಿಕೆ.

ಕಾಮಾಲೆ ಅಂದ ಮೇಲೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಕಡೆ ಕಣ್ಣು ಹಳದಿಯಾದರೆ ನೆಲನೆಲ್ಲಿ, ಪಥ್ಯ, ಮದ್ದು ಕೊಡುವವರ ಮನೆ ಎಂದು ಹೋಗುವುದು ರೂಢಿ. ವೈರಸ್ಸಿನಿಂದ ಬಂದ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಒಳ್ಳೆ ಹೆಸರು ಮದ್ದಿಗೆ ಬರುತ್ತದೆ. ನಾಳ ಕಟ್ಟಿ ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ. ಐವತ್ತು ದಾಟಿದವರಿಗೆ ನೋವೇ ಇಲ್ಲದೆ ಕಾಮಾಲೆ ಬಂದು, ತುರಿಕೆಯೂ ಇದ್ದು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊದಲು ಹೊಟ್ಟೆಯ ಸ್ಕ್ಯಾನ್ ಆಗಲಿ. ಯಾಕೆಂದರೆ ಆಯುಷ್ಯದ ಬಗ್ಗೆ ಇವತ್ತಿಗೂ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವುದು ಯಾವ ಜೀನೂ ಅಲ್ಲ. ಆಪರೇಷನ್ ಮಾಡಿ ಗಡ್ಡೆಯನ್ನು ಪೂರ್ತಿ ತೆಗೆಯಲಿಕ್ಕೆ ಆಯಿತೇ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ಹತ್ತಿರದ ಲಿಂಫ್ ಗ್ರಂಥಿಗೆ ಹೋಗಿದೆಯೇ, ಇಷ್ಟು ಗೊತ್ತಾದರೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ. ಪಥ್ಯದಲ್ಲಿ ಕಳೆದ ವಾರಗಳು ಈ ಲೆಕ್ಕದಲ್ಲೇ ಕಳೆದುಹೋಗುತ್ತವೆ.

ಇನ್ನು ಜೀನಿನ ಮಾತು. ನಮ್ಮ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳಲ್ಲಿಯೂ ಇರುವುದು ಅದೇ ಜೀನ್‌ಗಳು. ಪ್ರೋಟೀನ್ ಮಾಡಿಸುವ ಜೀನ್‌ಗಳೇ ಸುಮಾರು 20,000 ಇವೆ. ಆದರೆ ಎಲ್ಲವೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಲಿವರಿನಲ್ಲಿ ಕೆಲವು ಜೋರಾಗಿರುತ್ತವೆ, ಚರ್ಮದಲ್ಲಿ ಅವೇ ಸುಮ್ಮನಿರುತ್ತವೆ. ಕೆಲಸ ಮಾಡುವ ಜೀನ್ ತನ್ನ ಆರ್‌ಎನ್‌ಎ ಪ್ರತಿಗಳನ್ನು ಹೊರಗೆ ಬಿಡುತ್ತದೆ. ಆ ಪ್ರತಿಗಳನ್ನು ಎಣಿಸಿದರೆ ಯಾವ ಜೀನ್ ಎಷ್ಟು ಚುರುಕು ಎಂದು ಗೊತ್ತಾಗುತ್ತದೆ. ಇದನ್ನೇ ಜೀನ್ ಅಭಿವ್ಯಕ್ತಿ ಅನ್ನುವುದು. 1995ರಲ್ಲಿ ಬಂದ ಮೈಕ್ರೋಅರೇ ಎಂಬ ಗಾಜಿನ ಚಿಪ್‌ನಿಂದ ಒಂದೇ ಸಲಕ್ಕೆ ಹಲವು ಜೀನ್‌ಗಳ ಚುರುಕನ್ನು ಅಳೆಯಲು ಸಾಧ್ಯವಾಯಿತು. ಈಗ ಆರ್‌ಎನ್‌ಎಯನ್ನೇ ನೇರವಾಗಿ ಓದುವ ಯಂತ್ರಗಳಿವೆ.

ಪಿತ್ತನಾಳದ ಗಡ್ಡೆಗಳನ್ನು ಹೀಗೆ ಅಳೆದಾಗ ನಿಜವಾಗಿಯೂ ಏನೋ ಕಾಣುತ್ತದೆ. ಲಿವರಿನ ಒಳಗಿನ ಪಿತ್ತನಾಳದ ಕ್ಯಾನ್ಸರಿನ 149 ಗಡ್ಡೆಗಳ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗಡ್ಡೆಗಳು ಎರಡು ಗುಂಪಾಗಿ ಬೇರೆಯಾದವು. ಒಂದರಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಜೋರು. ಇನ್ನೊಂದರಲ್ಲಿ ಕೋಶಗಳನ್ನು ಬೆಳೆ, ಒಡೆ ಎಂದು ತಳ್ಳುವ ಜೀನ್‌ಗಳು ಜೋರು. ನೂರರಲ್ಲಿ 62 ಗಡ್ಡೆಗಳು ಈ ಎರಡನೆಯ ಗುಂಪಿನವು, ಆ ರೋಗಿಗಳು ಬದುಕಿದ್ದೂ ಕಡಿಮೆ ಕಾಲ. ಇದು ಒಳ್ಳೆಯ ಕೆಲಸ. ರೋಗ ಒಂದೇ ಹೆಸರಿನಲ್ಲಿ ಇದ್ದರೂ ಒಳಗೆ ಬೇರೆ ಬೇರೆ ಎಂದು ತೋರಿಸಿತು.

ತೊಂದರೆ ಶುರುವಾಗುವುದು ಆಮೇಲೆ. "ಈ ಆರು ಜೀನ್ ನೋಡಿ, ಆಯುಷ್ಯ ಹೇಳುತ್ತೇವೆ" ಎನ್ನುವ ಪ್ರಬಂಧಗಳು ಬರುತ್ತಲೇ ಇವೆ. ಮಗ ಕಳಿಸುವ ಪಿಡಿಎಫ್ ಸಾಮಾನ್ಯವಾಗಿ ಇದೇ ಜಾತಿಯದು. ಇಂಥವುಗಳಲ್ಲಿ ಹಲವು ಅಮೆರಿಕದ ಟಿಸಿಜಿಎ ಎಂಬ ಕ್ಯಾನ್ಸರ್ ಜೀನೋಮ್ ಯೋಜನೆಯ ಮಾಹಿತಿಯನ್ನು ಕಂಪ್ಯೂಟರಿಗೆ ಹಾಕಿ ಬರೆದವು. ಮಾಹಿತಿ ಎಲ್ಲರಿಗೂ ಉಚಿತ, ಅದು ಒಳ್ಳೆಯದೇ. ಆದರೆ ಅದರಲ್ಲಿ ಪಿತ್ತನಾಳದ ಗಡ್ಡೆಗಳು ಇರುವುದು ಬರೀ 36. ಅಳೆದ ಜೀನ್ 20,000, ಜನ 36.

ಕುಂದಾಪುರದ ಕಡೆ ಒಂದು ಶಾಲೆಯ ಎಸೆಸೆಲ್ಸಿ ತರಗತಿಯಲ್ಲಿ 36 ಮಕ್ಕಳು ಇದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರ ಬಗ್ಗೆಯೂ 20,000 ಸಂಗತಿ ಬರೆದಿಡಿ. ಕೊಡೆಯ ಬಣ್ಣ, ಹತ್ತುವ ಬಸ್ಸು, ಚಪ್ಪಲಿಯ ಅಳತೆ, ಅಜ್ಜಿಮನೆ ಇರುವ ಊರು. ರಿಸಲ್ಟ್ ಬಂದ ಮೇಲೆ ಹುಡುಕಿದರೆ ಡಿಸ್ಟಿಂಕ್ಷನ್ ಬಂದವರಲ್ಲಿ ಮಾತ್ರ ಇರುವ ಐದಾರು ಸಂಗತಿ ಸಿಕ್ಕೇ ಸಿಗುತ್ತವೆ. ನೀಲಿ ಕೊಡೆ, ಕೋಟೇಶ್ವರದ ಅಜ್ಜಿ. ಸುಳ್ಳೇನೂ ಅಲ್ಲ, ಲೆಕ್ಕ ಸರಿಯಾಗಿಯೇ ಇದೆ. ಮುಂದಿನ ವರ್ಷದ ಬ್ಯಾಚಿಗೆ ಇದನ್ನು ಹಿಡಿದುಕೊಂಡು ಹೋದರೆ ಮಾತ್ರ ಕೈಕೊಡುತ್ತದೆ. ಆದ್ದರಿಂದ ಇಂಥ ಪ್ರಬಂಧ ನೋಡಿದಾಗ ನಾನು ಮೊದಲು ಹುಡುಕುವುದು ಒಂದೇ. ಬೇರೆ ಆಸ್ಪತ್ರೆಯ, ಬೇರೆ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆಯೇ? ಇಲ್ಲವಾದರೆ ಪುಟ ಮಗುಚುತ್ತೇನೆ.

ಇದಕ್ಕಿಂತ ತಮಾಷೆಯದ್ದೂ ಒಂದು ಉಂಟು. 2011ರಲ್ಲಿ ಬೆಲ್ಜಿಯಂನ ಸಂಶೋಧಕರು ಸ್ತನ ಕ್ಯಾನ್ಸರಿನ ಇಂಥ ಜೀನ್ ಪಟ್ಟಿಗಳನ್ನು ತೆಗೆದುಕೊಂಡು, ಎದುರಿಗೆ ಯಾವುಯಾವುದೋ ಜೀನ್‌ಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ ಪಟ್ಟಿ ಮಾಡಿದರು. ಊಟದ ನಂತರ ನಕ್ಕವರ ರಕ್ತದಲ್ಲಿ ಬದಲಾಗುವ ಜೀನ್‌ಗಳ ಪಟ್ಟಿಯನ್ನೂ ಸೇರಿಸಿದರು. ನಗಬೇಡಿ, ಆ ಪಟ್ಟಿಯೂ ರೋಗಿಗಳ ಆಯುಷ್ಯಕ್ಕೆ ತಾಳೆಯಾಯಿತು! ಕಾರಣ ಇಷ್ಟೇ. ಗಡ್ಡೆಯ ಕೋಶಗಳು ಬೇಗ ಬೇಗ ಒಡೆಯುತ್ತಿದ್ದರೆ ನೂರಾರು ಜೀನ್‌ಗಳು ಅದರ ಜೊತೆಗೇ ಏರಿಳಿಯುತ್ತವೆ. ಎಲ್ಲಿ ಕೈ ಹಾಕಿದರೂ ಅವುಗಳಲ್ಲಿ ಒಂದೆರಡು ಸಿಗುತ್ತವೆ. ಹಾಗಾಗಿ ಪಟ್ಟಿ ತಾಳೆಯಾಯಿತು ಎಂದ ಮಾತ್ರಕ್ಕೆ ಆ ಜೀನ್‌ಗಳೇ ರೋಗದ ಮೂಲ ಎಂದಾಗುವುದಿಲ್ಲ.

ಪಿತ್ತನಾಳದ ಕ್ಯಾನ್ಸರಿನಲ್ಲಿ ನನ್ನ ಮೇಜಿನ ಮೇಲೇ ಇನ್ನೊಂದು ಕಷ್ಟ ಇದೆ. ಈ ಗಡ್ಡೆ ತನ್ನ ಸುತ್ತ ದಪ್ಪ ನಾರಿನ ಅಂಗಾಂಶ ಕಟ್ಟಿಕೊಳ್ಳುತ್ತದೆ. ಗುಲಾಬಿ ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಉದ್ದಕ್ಕೂ ನಾರೇ ನಾರು, ನಡುವೆ ಅಲ್ಲೊಂದು ಇಲ್ಲೊಂದು ವಕ್ರವಾದ ಸಣ್ಣ ನಾಳ. ಆ ನಾಳವೇ ಕ್ಯಾನ್ಸರ್. ಇಡೀ ತುಣುಕನ್ನು ಅರೆದು ಆರ್‌ಎನ್‌ಎ ತೆಗೆದರೆ ನಾವು ಅಳೆದದ್ದು ಕ್ಯಾನ್ಸರನ್ನೋ ನಾರನ್ನೋ? ಆಪರೇಷನ್ ಆಗದವರಲ್ಲಿ ಎಂಡೋಸ್ಕೋಪಿಯ ಸಣ್ಣ ಬ್ರಷ್ಷಿನಿಂದ ಉಜ್ಜಿ ತಂದ ಕೋಶಗಳಷ್ಟೇ ಸಿಗುವುದು. ಅದರಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳುವುದೇ ಎಷ್ಟೋ ಸಲ ಕಷ್ಟ. ಮೇಲಿಂದ ಆರ್‌ಎನ್‌ಎ ಬಹಳ ನಾಜೂಕು. ನಮ್ಮ ಬೆರಳ ಮೇಲಿನ ಕಿಣ್ವ ತಾಗಿದರೂ ಸಾಕು, ಚೂರುಚೂರು.

ಊರಿನ ವ್ಯತ್ಯಾಸವೂ ಇದೆ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಈ ಕ್ಯಾನ್ಸರ್ ತುಂಬಾ ಜಾಸ್ತಿ. ಅಲ್ಲಿ ನದಿ ಮೀನನ್ನು ಹಸಿಯಾಗಿ ತಿನ್ನುವ ಅಭ್ಯಾಸ ಇದೆ, ಅದರಿಂದ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ಬಂಗುಡೆ ಪುಳಿಮುಂಚಿ ತಿನ್ನುವವರು ಗಾಬರಿಯಾಗುವುದು ಬೇಡ. ನಮ್ಮದು ಸಮುದ್ರದ ಮೀನು, ಅದೂ ಬೇಯಿಸಿದ್ದು. ಆ ಹುಳದಿಂದ ಬಂದ ಗಡ್ಡೆಗೂ ಹುಳ ಇಲ್ಲದೆ ಬಂದ ಗಡ್ಡೆಗೂ ಜೀನ್ ಮಟ್ಟದಲ್ಲೇ ವ್ಯತ್ಯಾಸ ಇದೆ ಎಂದು ಹಲವು ದೇಶಗಳ ರೋಗಿಗಳನ್ನು ಒಟ್ಟು ಸೇರಿಸಿ ಮಾಡಿದ ಅಧ್ಯಯನ 2017ರಲ್ಲಿ ತೋರಿಸಿದೆ. ಅಲ್ಲಿಯ ರೋಗಿಗಳ ಜೀನ್ ನೋಡಿ ಮಾಡಿದ ಆಯುಷ್ಯದ ಸ್ಕೋರನ್ನು ಕಾರ್ಕಳದ ರೋಗಿಗೆ ಹಾಗೆಯೇ ಹಾಕಲಿಕ್ಕೆ ಬರುವುದಿಲ್ಲ.

ಹಾಗಾದರೆ ಜೀನ್ ಟೆಸ್ಟೇ ಬೇಡವಾ? ಬೇಕು, ಆದರೆ ಬೇರೆ ಕೆಲಸಕ್ಕೆ. ಸ್ತನ ಕ್ಯಾನ್ಸರಿನಲ್ಲಿ 21 ಜೀನ್‌ಗಳ ಒಂದು ಟೆಸ್ಟ್ ಇದೆ. 10,000ಕ್ಕೂ ಹೆಚ್ಚು ಹೆಂಗಸರು ಭಾಗವಹಿಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂದ ಮೇಲೆ, ಯಾರಿಗೆ ಕೀಮೋ ಬೇಡ ಎಂದು ಹೇಳಲು ಅದನ್ನು ಧೈರ್ಯವಾಗಿ ಬಳಸುತ್ತಾರೆ. ಪಿತ್ತನಾಳಕ್ಕೆ ಅಂಥ ಸ್ಕೋರ್ ಇನ್ನೂ ದಿನಬಳಕೆಗೆ ಬಂದಿಲ್ಲ. ಇಲ್ಲಿ ಹುಡುಕಬೇಕಾದದ್ದು ಮದ್ದಿಗೆ ಸಿಗುವ ಬದಲಾವಣೆಗಳನ್ನು. ಎಫ್‌ಜಿಎಫ್‌ಆರ್2 ಎಂಬ ಜೀನ್ ಇನ್ನೊಂದರ ಜೊತೆ ಅಂಟಿಕೊಂಡಿದ್ದರೆ ಪೆಮಿಗಾಟಿನಿಬ್ ಎಂಬ ಮಾತ್ರೆ ಇದೆ, ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಐಡಿಎಚ್1 ಜೀನಿನಲ್ಲಿ ದೋಷ ಇದ್ದರೆ ಐವೊಸಿಡೆನಿಬ್, 2021ರಲ್ಲಿ. ಇವೆರಡೂ ಹೆಚ್ಚಾಗಿ ಕಾಣುವುದು ಲಿವರಿನ ಒಳಗಿನ ಗಡ್ಡೆಗಳಲ್ಲಿ. ಟೆಸ್ಟೂ ಮಾತ್ರೆಯೂ ಅಗ್ಗವಲ್ಲ. ಹಾಗಾಗಿ ರಿಪೋರ್ಟ್ ಬಂದರೆ ಚಿಕಿತ್ಸೆ ಬದಲಾಗುತ್ತದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ.

ಇನ್ನು ಆ "ಎಷ್ಟು ಸಮಯ". ಆಪರೇಷನ್ ಆಗದ ರೋಗಿಗಳಿಗೆ ಎರಡು ಕೀಮೋ ಮದ್ದು ಒಟ್ಟಿಗೆ ಕೊಟ್ಟ ಬ್ರಿಟನ್ನಿನ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಂದ ಅಂಕಿ 11.7 ತಿಂಗಳು, ಒಂದೇ ಮದ್ದು ಪಡೆದವರಲ್ಲಿ 8.1. ಇದನ್ನು ಕೇಳಿದವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡುತ್ತಾರೆ. ಆದರೆ 11.7 ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಇದ್ದರು ಎಂದು ಅರ್ಥ, ಕೆಲವರು ತುಂಬಾ ಹೆಚ್ಚು. ಜೀನ್ ಸ್ಕೋರೂ ಹೀಗೆಯೇ. "ಹೈ ರಿಸ್ಕ್" ಎಂದು ಬಂದರೆ ಅಂಥ ನೂರು ಜನರ ಗುಂಪಿನ ಮಾತು. ಆ ನೂರರಲ್ಲಿ ನಿಮ್ಮ ಅಪ್ಪ ಎಷ್ಟನೆಯವರು ಎಂದು ಅದು ಹೇಳುವುದಿಲ್ಲ.

ಕೊನೆಗೊಂದು ಲ್ಯಾಬಿನ ಮಾತು. ಬಯಾಪ್ಸಿಯ ತುಣುಕನ್ನು ನಾವು ಮೇಣದಲ್ಲಿ ಹೂತು ಬ್ಲಾಕ್ ಮಾಡಿ ಇಟ್ಟಿರುತ್ತೇವೆ. ಹೊಸ ಟೆಸ್ಟ್ ಮಾಡಬೇಕಾದರೆ ಹೆಚ್ಚಾಗಿ ಬೇಕಾಗುವುದು ಅದೇ. ಬೆಂಗಳೂರಿಗೋ ಮುಂಬೈಗೋ ಹೋಗುವವರು ಸ್ಕ್ಯಾನಿನ ಸಿಡಿ, ಫೈಲು ಎಲ್ಲ ಹಿಡಿದುಕೊಂಡು ಹೋಗುತ್ತಾರೆ, ಬ್ಲಾಕ್ ಮರೆಯುತ್ತಾರೆ. ಮತ್ತೆ ಯಾರೋ ರಾತ್ರಿ ಬಸ್ಸಿನಲ್ಲಿ ವಾಪಸ್ ಬರಬೇಕು. ಹೊರಡುವ ಮೊದಲೇ ಲ್ಯಾಬಿನಲ್ಲಿ ಕೇಳಿ, ಸಹಿ ಹಾಕಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ. ನಮಸ್ಕಾರ.